ಘಟ್ಟದ ಸುರಂಗಗಳಿಗೆ ಒಂದು ಬಹಿರಂಗ ಪತ್ರ

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಬ್ರಗಾಂಝಾ ಘಟ್ಟದಲ್ಲಿ ಸಾಲಾಗಿ ನಿಂತಿರುವ ಮಾನ್ಯ ಸುರಂಗಗಳೇ,

ಬೆಳಗಾವಿ, ಖಾನಾಪುರದ ನಾವು ರೈಲಿನ ವಿಷಯದಲ್ಲಿ ಮನವಿ ಬರೆದರೆ ಅದು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಗೆ ಹೋಗುತ್ತದೆ, ದೆಹಲಿಯ ರೈಲ್ವೆ ಮಂಡಳಿಗೆ ಹೋಗುತ್ತದೆ, ಸಂಸದರ ಮನೆಗೆ ಹೋಗುತ್ತದೆ. ಸಂಸದರೂ ನಮಗೆ ಇಬ್ಬರು. ನಗರದವರು ಬೆಳಗಾವಿ ಲೋಕಸಭಾ ಕ್ಷೇತ್ರದ ಮತದಾರರು, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದವರು ಉತ್ತರ ಕನ್ನಡ ಕ್ಷೇತ್ರದ ಮತದಾರರು. ಈ ಸಲ ಪತ್ರವನ್ನು ಅವರೆಲ್ಲರಿಗಿಂತ ಮೊದಲು ನಿಮಗೇ ಬರೆಯಬೇಕೆನಿಸಿತು. ದೇಸೂರು, ಇದ್ದಲಹೊಂಡ, ಖಾನಾಪುರ, ಗುಂಜಿ, ಲೋಂಡಾ ದಾಟಿ ಗೋವೆಗೆ ಇಳಿಯುವ ಗಾಡಿ ಎಷ್ಟು ಎತ್ತರವಿರಬಹುದು, ಎಷ್ಟು ಅಗಲವಿರಬಹುದು, ಅದರ ಒಂದೊಂದು ಡಬ್ಬಿ ಎಷ್ಟು ಉದ್ದವಿರಬಹುದು ಎಂಬ ತೀರ್ಮಾನ ನಿಮ್ಮ ಕಲ್ಲಿನಲ್ಲಿದೆ. ಮಂತ್ರಿಗಳು ಬದಲಾಗುತ್ತಾರೆ, ವೇಳಾಪಟ್ಟಿ ಬದಲಾಗುತ್ತದೆ, ಡಬ್ಬಿಯ ಬಣ್ಣ ಬದಲಾಗುತ್ತದೆ. ನಿಮ್ಮ ಗೋಡೆ ಮಾತ್ರ ಅಲ್ಲೇ ಇರುತ್ತದೆ.

ನಿಮ್ಮಲ್ಲಿ ಎಲ್ಲರೂ ಒಂದೇ ಅಳತೆಯವರಲ್ಲ ಎಂಬುದು ನನಗೆ ಗೊತ್ತು. ಒಬ್ಬರ ಛಾವಣಿ ಕೊಂಚ ಎತ್ತರ, ಇನ್ನೊಬ್ಬರ ಹೆಗಲು ಕೊಂಚ ಇಕ್ಕಟ್ಟು, ಮತ್ತೊಬ್ಬರೊಳಗೆ ತಿರುವು. ಆದರೆ ಗಾಡಿ ನಿಮ್ಮೆಲ್ಲರನ್ನೂ ದಾಟಬೇಕು. ಹಾಗಾಗಿ ನಿಮ್ಮಲ್ಲಿ ಅತ್ಯಂತ ಇಕ್ಕಟ್ಟಾದವರು ಹೇಳಿದ್ದೇ ಇಡೀ ದಾರಿಗೆ ಕಾನೂನು. ಉಳಿದವರು ಎಷ್ಟೇ ಉದಾರವಾಗಿದ್ದರೂ ಪ್ರಯೋಜನವಿಲ್ಲ. ದೆಹಲಿಯ ಹಜರತ್ ನಿಜಾಮುದ್ದೀನ್‌ನಿಂದ ಬರುವ ಗೋವಾ ಎಕ್ಸ್‌ಪ್ರೆಸ್ ಪುಣೆ, ಮಿರಜ, ಬೆಳಗಾವಿ ಮಾರ್ಗವಾಗಿ ವಾಸ್ಕೊ ತಲುಪಬೇಕಾದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಅಷ್ಟೂ ದೂರದ ಗಾಡಿಯ ಆಕಾರವನ್ನು ನಿಮ್ಮೊಳಗಿನ ಕೆಲವು ಮೀಟರ್ ದಾರಿ ಕಟ್ಟಿಹಾಕಬಲ್ಲದು.

ನಿಮ್ಮ ಹುಟ್ಟು ಒಂದು ಒಪ್ಪಂದದಲ್ಲಿದೆ. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಸಹಿ ಹಾಕಿದರು. ಮುರ್ಗಾಂವ ಬಂದರಿನಿಂದ ಘಟ್ಟ ಹತ್ತಿ ಬ್ರಿಟಿಷ್ ಸೀಮೆಯ ಗಡಿಯವರೆಗೆ ಪೋರ್ಚುಗೀಸರ ಕಡೆಯ ಕಂಪನಿ ಹಳಿ ಹಾಕಬೇಕು ಎಂಬುದು ಒಪ್ಪಂದ. ಗಡಿಯಿಂದ ಈಚೆಗೆ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಅದನ್ನು ಲೋಂಡಾ, ಧಾರವಾಡ, ಬೆಳಗಾವಿಗೆ ಜೋಡಿಸಿತು. ಆ ದಶಕ ಮುಗಿಯುವುದರೊಳಗೆ ಗಾಡಿ ಓಡತೊಡಗಿತು. ಹಳಿಯ ನಡುವಿನ ಅಂತರ ಒಂದು ಮೀಟರ್ ಇರಲಿ ಎಂದು ಆಗ ತೀರ್ಮಾನಿಸಿದರು. ಘಟ್ಟದಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವಂತಹ ಕಡಿದಾದ ಇಳಿಜಾರು. ಇಂದಿಗೂ ಸರಕಿನ ಗಾಡಿ ಹತ್ತಬೇಕಾದರೆ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್‌ಗಳು ಬೇಕು. ಇಂಥ ಬೆಟ್ಟದಲ್ಲಿ ಬಂಡೆ ಒಡೆಯುವುದು ಎಂದರೆ ಹಣ, ಕಾಲ, ಕೂಲಿಯವರ ಜೀವ. ಕಡಿಮೆ ಒಡೆದಷ್ಟೂ ಲಾಭ ಎಂದು ಅಂದಿನ ಎಂಜಿನಿಯರರು ಯೋಚಿಸಿದ್ದರೆ ಅದನ್ನು ತಪ್ಪೆನ್ನಲಾರೆ. ಆದರೆ ಅವರು ಕಾಗದದ ಮೇಲೆ ಎಳೆದ ಗೆರೆಯೊಳಗೇ ನಾವು ಇಂದಿಗೂ ಪ್ರಯಾಣ ಮಾಡುತ್ತಿದ್ದೇವೆ. ಒಂದು ಪೀಳಿಗೆ ಮಾಡಿದ ಅಳತೆ ಐದಾರು ಪೀಳಿಗೆಗಳ ಅಳತೆಯಾಗಿದೆ.

ಗಾಡಿಯ ಅಳತೆ ಜನರ ಬದುಕನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಬೆಳಗಾವಿಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಪುಣೆಯಿಂದ ಮಿರಜದವರೆಗೆ ಬ್ರಾಡ್‌ಗೇಜ್ ಬಂದ ಮೇಲೂ ಮಿರಜದಿಂದ ಈಚೆಗೆ ಮೀಟರ್‌ಗೇಜೇ ಉಳಿದಿತ್ತು. ಮುಂಬಯಿಗೆ ಹೊರಟವರು ಮಿರಜದಲ್ಲಿ ಇಳಿದು, ಟ್ರಂಕು, ಚೀಲ, ಮಕ್ಕಳನ್ನು ಹೊತ್ತುಕೊಂಡು ಇನ್ನೊಂದು ಗಾಡಿ ಹತ್ತಬೇಕಿತ್ತು. ಸರಕನ್ನೂ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. 1990ರ ದಶಕದಲ್ಲಿ ನಮ್ಮ ದಾರಿ ಬ್ರಾಡ್‌ಗೇಜ್ ಆದಾಗ ಆ ಕಷ್ಟ ತಪ್ಪಿತು. ಆಗ ನೀವೂ ಹೊಸ ಅಳತೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು, ಏಕೆಂದರೆ ಅಗಲವಾದದ್ದು ಹಳಿಯೊಂದೇ ಆಗಿರಲಿಲ್ಲ, ಅದರ ಮೇಲೆ ಓಡುವ ಡಬ್ಬಿಯೂ ಅಗಲವಾಯಿತು, ಎತ್ತರವಾಯಿತು.

ನಮ್ಮ ಸಭೆಗಳಲ್ಲಿ, ಪತ್ರಿಕೆಗಳ ವಾಚಕರ ಅಂಕಣಗಳಲ್ಲಿ ಬಹಳ ಸಲ ಕಾಣದೆ ಹೋಗುವ ಸಂಗತಿ ಇಲ್ಲೇ ಇದೆ. ಹಳಿಯ ಅಂತರ ಹೊಂದಿದರೆ ಗಾಡಿ ಎಲ್ಲಿ ಬೇಕಾದರೂ ಓಡುತ್ತದೆ ಎಂದು ನಾವು ತಿಳಿದಿದ್ದೇವೆ. ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿಲಿಮೀಟರ್. ಅದರ ಮೇಲೆ ಕೂರುವ, ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಡಬ್ಬಿಯ ಅಗಲ 3240 ಮಿಲಿಮೀಟರ್, ಹೆಚ್ಚು ಕಡಿಮೆ ಎರಡು ಪಟ್ಟು. ಹಳಿಯ ಎರಡೂ ಬದಿಗೆ ಮುಕ್ಕಾಲು ಮೀಟರಿಗೂ ಹೆಚ್ಚು ಚಾಚಿಕೊಂಡು ಅದು ಸಾಗುತ್ತದೆ. ಆ ಚಾಚಿದ ಮೈ ಯಾವ ಗೋಡೆಗೂ, ಕಂಬಕ್ಕೂ, ಸೇತುವೆಗೂ, ಪ್ಲಾಟ್‌ಫಾರ್ಮಿನ ಅಂಚಿಗೂ ತಾಗಬಾರದು. ಇದಕ್ಕಾಗಿ ಭಾರತೀಯ ರೈಲ್ವೆ ಒಂದು ಪುಸ್ತಕವನ್ನೇ ಇಟ್ಟುಕೊಂಡಿದೆ. ಶೆಡ್ಯೂಲ್ ಆಫ್ ಡೈಮೆನ್ಶನ್ಸ್ ಎಂಬ ಆ ಪುಸ್ತಕ 2004ರಲ್ಲಿ ಪರಿಷ್ಕರಣೆಗೊಂಡು, 2022ರಲ್ಲಿ ಮತ್ತೆ ಪರಿಷ್ಕರಣೆಗೊಂಡಿತು. ಸಾಮಾನ್ಯ ಡಬ್ಬಿ ಮೀರಬಾರದ ಚೌಕಟ್ಟನ್ನು ಅದರಲ್ಲಿ ಬರೆದಿಟ್ಟಿದ್ದಾರೆ. ಅಗಲ 3250 ಮಿಲಿಮೀಟರ್, ನಡುವಿನಲ್ಲಿ ಎತ್ತರ 4265 ಮಿಲಿಮೀಟರ್, ಬದಿಗಳಲ್ಲಿ 3735 ಮಿಲಿಮೀಟರ್.

ಆ ಕೊನೆಯ ಅಂಕಿ ನಿಮ್ಮನ್ನು ನೋಡಿಯೇ ಬರೆದಂತಿದೆ. ಸುರಂಗದ ಛಾವಣಿ ಕಮಾನಿನಂತೆ ಬಾಗಿರುತ್ತದೆ. ನಡುವೆ ಎತ್ತರ ಸಿಗುತ್ತದೆ, ಹೆಗಲಿನಲ್ಲಿ ಸಿಗುವುದಿಲ್ಲ. ಡಬ್ಬಿಯ ನೆತ್ತಿ ಪಾರಾದರೂ ಅದರ ಮೇಲಿನ ಮೂಲೆ ಸಿಕ್ಕಿಬೀಳಬಹುದು. ಆದ್ದರಿಂದಲೇ ನಮ್ಮ ಡಬ್ಬಿಗಳ ಛಾವಣಿ ಎರಡೂ ಬದಿಗೆ ದುಂಡಾಗಿ ಇಳಿದಿರುತ್ತದೆ.

ನಿಂತ ಡಬ್ಬಿಯ ಅಳತೆ ಒಂದಾದರೆ ಓಡುವ ಡಬ್ಬಿಯ ಅಳತೆ ಬೇರೆ. ತಿರುವಿನಲ್ಲಿ ಹಳಿ ಬಾಗುತ್ತದೆ, ಡಬ್ಬಿ ಬಾಗುವುದಿಲ್ಲ. ಬೋಗಿ ಎನ್ನುವ ಎರಡು ಗಾಲಿಚೌಕಟ್ಟುಗಳ ಮೇಲೆ ನೇರವಾಗಿ ಕೂತ ಡಬ್ಬಿಯ ನಡುಭಾಗ ತಿರುವಿನ ಒಳಕ್ಕೆ ಸರಿಯುತ್ತದೆ, ಎರಡು ತುದಿಗಳು ಹೊರಕ್ಕೆ ಚಾಚುತ್ತವೆ. 250 ಮೀಟರ್ ತ್ರಿಜ್ಯದ ಒಂದು ತಿರುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪೆರಂಬೂರಿನ ಐಸಿಎಫ್ ಕಾರ್ಖಾನೆಯ ವಿನ್ಯಾಸದ ಹಳೆಯ ಡಬ್ಬಿಯ ಮೈ 21.34 ಮೀಟರ್ ಉದ್ದ, ಅದರ ತುದಿ ಸುಮಾರು 118 ಮಿಲಿಮೀಟರ್ ಹೊರಗೆ ಬರುತ್ತದೆ. ಈಗಿನ ಎಲ್‌ಎಚ್‌ಬಿ ಡಬ್ಬಿ 23.54 ಮೀಟರ್ ಉದ್ದ, ಅದರ ತುದಿ ಅದೇ ತಿರುವಿನಲ್ಲಿ ಸುಮಾರು 166 ಮಿಲಿಮೀಟರ್ ಹೊರಗೆ ಬರುತ್ತದೆ. ಅಗಲ ಬಹುತೇಕ ಒಂದೇ ಇದ್ದರೂ, ಎರಡು ಮೀಟರ್ ಉದ್ದ ಹೆಚ್ಚಾದದ್ದಕ್ಕೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಹೆಚ್ಚು ಜಾಗ ಬೇಕಾಯಿತು.

ಇದರ ಮೇಲೆ ವಾಲಿಕೆಯ ಲೆಕ್ಕ. ತಿರುವಿನಲ್ಲಿ ಗಾಡಿ ಹೊರಕ್ಕೆ ಸಿಡಿಯದಿರಲೆಂದು ಹೊರಗಿನ ಹಳಿಯನ್ನು ಎತ್ತರಿಸುತ್ತಾರೆ. ಹಳಿಯನ್ನು 100 ಮಿಲಿಮೀಟರ್ ಎತ್ತರಿಸಿದರೆ ನಾಲ್ಕು ಮೀಟರ್ ಮೇಲಿರುವ ಛಾವಣಿ ಸುಮಾರು 230 ಮಿಲಿಮೀಟರ್ ಒಳಬದಿಗೆ ವಾಲುತ್ತದೆ. ಸ್ಪ್ರಿಂಗುಗಳ ಮೇಲಿನ ತೂಗಾಟ, ಸವೆದ ಗಾಲಿ, ಮಳೆಗಾಲದಲ್ಲಿ ಕುಸಿಯುವ ಜಲ್ಲಿ, ಎಲ್ಲದಕ್ಕೂ ಒಂದಷ್ಟು ಒಂದಷ್ಟು ಬಿಡಬೇಕು. ಇವೆಲ್ಲ ಸೇರಿದ ಮೇಲೆ ನಿಮಗೂ ಗಾಡಿಗೂ ನಡುವೆ ಉಳಿಯುವ ಜಾಗವೇ ಪ್ರಯಾಣಿಕರ ಸುರಕ್ಷೆ. ಅದರಲ್ಲಿ ಯಾರೂ ರಾಜಿ ಮಾಡಿಕೊಳ್ಳಬಾರದು ಎಂದೇ ನಾನೂ ಹೇಳುತ್ತೇನೆ.

ಈ ಶಿಸ್ತು ನಮ್ಮೂರಿಗೆ ಹೊಸದಲ್ಲ. ಉದ್ಯಮಬಾಗದ, ಮಚ್ಛೆಯ ಫೌಂಡ್ರಿ ಮತ್ತು ಮಶೀನ್ ಶಾಪುಗಳಲ್ಲಿ ತಯಾರಾದ ಭಾಗ ಹೊರಗೆ ಹೋಗುವ ಮೊದಲು ಗೋ–ನೋಗೋ ಗೇಜಿಗೆ ಒಡ್ಡಬೇಕು. ಗೋ ಕಡೆ ಹೊಗಬೇಕು, ನೋಗೋ ಕಡೆ ಹೊಗಬಾರದು, ಮಾತಿಗೆ ಅವಕಾಶವಿಲ್ಲ. ರೈಲಿನಲ್ಲಿಯೂ ಅದೇ ಕೆಲಸಕ್ಕೆ ಗೂಡ್ಸ್ ಯಾರ್ಡಿನ ದಾರಿಯ ಮೇಲೆ ಕಬ್ಬಿಣದ ಕಮಾನು ನಿಲ್ಲಿಸುತ್ತಿದ್ದರು. ಸರಕು ತುಂಬಿದ ವ್ಯಾಗನ್ ಅದರಡಿ ತಾಗದೆ ಹೋದರೆ ಮಾತ್ರ ಮುಂದಿನ ಪಯಣ. ಚೌಕಟ್ಟನ್ನು ಮೀರಿದ ಟ್ರಾನ್ಸ್‌ಫಾರ್ಮರ್, ಬಾಯ್ಲರ್‌ನಂತಹ ಸರಕಿಗೆ ರೈಲ್ವೆಯಲ್ಲಿ ಎ, ಬಿ, ಸಿ ಎಂದು ಮೂರು ವರ್ಗಗಳಿವೆ. ಗೋಡೆಗೂ ಸರಕಿಗೂ ನಡುವಿನ ಸಂದು ಕಿರಿದಾದಷ್ಟೂ ನಿಯಮ ಬಿಗಿಯಾಗುತ್ತದೆ. ಅತಿ ಕಿರಿದಾದ ವರ್ಗದ ಸರಕನ್ನು ಹಗಲಿನಲ್ಲಿ, ನಿಧಾನವಾಗಿ, ಸಿಬ್ಬಂದಿಯ ಕಾವಲಿನಲ್ಲೇ ಸಾಗಿಸಬೇಕು.

ಇನ್ನು ನಮ್ಮ ಆಸೆಗಳ ವಿಷಯಕ್ಕೆ ಬರುತ್ತೇನೆ. ಗೋವೆಗೆ ಡಬಲ್ ಡೆಕ್ಕರ್ ಗಾಡಿ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕಪುರ್ತಲಾದಲ್ಲಿ ತಯಾರಾದ ಹವಾನಿಯಂತ್ರಿತ ಡಬಲ್ ಡೆಕ್ಕರ್ ಡಬ್ಬಿ 2011ರಲ್ಲಿ ಹೌರಾ–ಧನಬಾದ್ ನಡುವೆ ಓಡಿತು, 2013ರಲ್ಲಿ ಚೆನ್ನೈ–ಬೆಂಗಳೂರು ನಡುವೆ ಬಂದಿತು. ಸಾಮಾನ್ಯ ಚೇರ್‌ಕಾರಿನಲ್ಲಿ 78 ಜನ ಕೂರುವಲ್ಲಿ ಅದರಲ್ಲಿ 120 ಜನ ಕೂರಬಹುದು. ಆದರೆ ಅದರ ಎತ್ತರ 4.36 ಮೀಟರಿನಷ್ಟು, ಸಾಮಾನ್ಯ ಮಿತಿಗಿಂತ ಹತ್ತು ಸೆಂಟಿಮೀಟರ್ ಹೆಚ್ಚು. ಕೆಳಗಿನ ಅಂತಸ್ತು ಪ್ಲಾಟ್‌ಫಾರ್ಮಿನ ಮಟ್ಟಕ್ಕಿಂತ ಕೆಳಗೆ ಇಳಿಯುವುದರಿಂದ ಅಗಲವನ್ನು 3050 ಮಿಲಿಮೀಟರಿಗೆ ಕುಗ್ಗಿಸಬೇಕಾಯಿತು. ಮೇಲಿನ ಅಂತಸ್ತಿನವರ ತಲೆ ಮತ್ತು ಭುಜಕ್ಕೆ ಜಾಗ ಬೇಕಾಗುವುದು ಸರಿಯಾಗಿ ಕಮಾನು ಒಳಬಾಗುವ ಕಡೆಯಲ್ಲೇ. ಪಕ್ಕದ ಕೊಂಕಣ ರೈಲ್ವೆಯಲ್ಲಿ ಮುಂಬಯಿಯಿಂದ ಮಡಗಾಂವಿಗೆ ಡಬಲ್ ಡೆಕ್ಕರ್ ಓಡಿತ್ತಲ್ಲ ಎಂದು ಕೇಳಬಹುದು. ಆ ದಾರಿಯ ಸುರಂಗಗಳನ್ನು ಕೊರೆದದ್ದು 1990ರ ದಶಕದಲ್ಲಿ, ಮೊದಲ ದಿನದಿಂದಲೇ ಬ್ರಾಡ್‌ಗೇಜಿಗಾಗಿ. ನಿಮ್ಮ ಮತ್ತು ಅವುಗಳ ವಯಸ್ಸಿನಲ್ಲಿ ನೂರು ವರ್ಷದ ಅಂತರವಿದೆ.

ವಿದ್ಯುತ್ ತಂತಿಯ ಕತೆಯೂ ಇದೇ. ಬಯಲಿನಲ್ಲಿ, ಲೆವೆಲ್ ಕ್ರಾಸಿಂಗ್‌ಗಳ ಮೇಲೆ ಹಳಿಯಿಂದ ಕನಿಷ್ಠ ಐದೂವರೆ ಮೀಟರ್ ಎತ್ತರದಲ್ಲಿ ಹೋಗುವ ತಂತಿ ನಿಮ್ಮ ಬಾಯಿಗೆ ಬಂದಾಗ ಕೆಳಕ್ಕೆ ಬಾಗಬೇಕು. 25,000 ವೋಲ್ಟಿನ ತಂತಿಗೂ ನಿಮ್ಮ ಒದ್ದೆ ಕಲ್ಲಿಗೂ ನಡುವೆ ಕಾಲು ಮೀಟರಿನಷ್ಟಾದರೂ ಖಾಲಿ ಜಾಗ ಇರಲೇಬೇಕು, ತಂತಿಗೂ ಡಬ್ಬಿಯ ನೆತ್ತಿಗೂ ನಡುವೆ ಇನ್ನಷ್ಟು. ಹೊಗೆಯುಗುಳುವ ಡೀಸೆಲ್ ಎಂಜಿನ್ ತಪ್ಪಿದರೆ ನಿಮ್ಮೊಳಗೆ ಕೆಲಸ ಮಾಡುವ ಗ್ಯಾಂಗ್‌ಮನ್‌ಗಳಿಗೆ, ಲೋಕೊ ಪೈಲಟ್‌ಗಳಿಗೆ ಉಸಿರಾಡಲು ಹಗುರ. ಆದರೆ ತಂತಿ ಬಂದ ದಿನದಿಂದ ಛಾವಣಿಯಡಿ ಉಳಿದಿದ್ದ ಅಲ್ಪಸ್ವಲ್ಪ ಬಿಡುವೂ ಮುಗಿಯಿತು. ಇನ್ನು ಮುಂದೆ ಎತ್ತರದ ಡಬ್ಬಿ ಬೇಕೆನ್ನುವವರು ಕಲ್ಲಿನ ಜೊತೆಗೆ ತಂತಿಯ ಲೆಕ್ಕವನ್ನೂ ಕೊಡಬೇಕು.

ಅಳೆಯದೆ ಗಾಡಿ ತರಿಸಿದವರಿಗೆ ಏನಾಯಿತು ಎಂಬುದನ್ನು ಎರಡು ದೇಶಗಳು ತೋರಿಸಿವೆ. 2014ರಲ್ಲಿ ಫ್ರಾನ್ಸಿನ ರೈಲ್ವೆ ತಾನು ತರಿಸಿದ ಹೊಸ ಪ್ರಾದೇಶಿಕ ಗಾಡಿಗಳು ಅನೇಕ ಹಳೆಯ ನಿಲ್ದಾಣಗಳ ಪ್ಲಾಟ್‌ಫಾರ್ಮಿಗೆ ಅಗಲವಾದವೆಂದು ಒಪ್ಪಿಕೊಂಡಿತು. ಇತ್ತೀಚಿನ ದಶಕಗಳಲ್ಲಿ ಕಟ್ಟಿದ ಪ್ಲಾಟ್‌ಫಾರ್ಮುಗಳ ಅಳತೆಯನ್ನು ಲೆಕ್ಕಕ್ಕೆ ಹಿಡಿದಿದ್ದರು, ಹಳೆಯವನ್ನು ಬಿಟ್ಟಿದ್ದರು. ಸುಮಾರು 1,300 ಪ್ಲಾಟ್‌ಫಾರ್ಮುಗಳ ಅಂಚು ಕೆತ್ತಬೇಕಾಯಿತು, ವೆಚ್ಚ ಸುಮಾರು 5 ಕೋಟಿ ಯೂರೊ. 2023ರ ಫೆಬ್ರುವರಿಯಲ್ಲಿ ಸ್ಪೇನಿನ ಸರದಿ. ಉತ್ತರದ ಅಸ್ತೂರಿಯಾಸ್, ಕಾಂತಾಬ್ರಿಯಾ ಸೀಮೆಯ ದಾರಿಗಾಗಿ 2020ರಲ್ಲಿ 31 ಗಾಡಿಗಳಿಗೆ ಸುಮಾರು 25.8 ಕೋಟಿ ಯೂರೊ ಗುತ್ತಿಗೆ ಕೊಟ್ಟಿದ್ದರು. ಕೊಟ್ಟ ಅಳತೆಯಂತೆ ಮಾಡಿದರೆ ಅವು ಅಲ್ಲಿನ ಕೆಲವು ಸುರಂಗಗಳಲ್ಲಿ ಹಿಡಿಸುವುದಿಲ್ಲ ಎಂಬುದು ಬಯಲಾಯಿತು. ಗಾಡಿ ಕಟ್ಟುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು. ಆದರೂ ರೈಲ್ವೆ ಕಂಪನಿಯ ಅಧ್ಯಕ್ಷರೂ ಸಾರಿಗೆ ಇಲಾಖೆಯ ರಾಜ್ಯ ಕಾರ್ಯದರ್ಶಿಯೂ ರಾಜೀನಾಮೆ ಕೊಡಬೇಕಾಯಿತು. ಹೊಸ ಗಾಡಿ ಬರುವುದು ವರ್ಷಗಳಷ್ಟು ಮುಂದಕ್ಕೆ ಹೋಯಿತು. ಅದು ಯಾವ ದಾರಿ ಗೊತ್ತೇ? ಹತ್ತೊಂಬತ್ತನೇ ಶತಮಾನದಿಂದ ಬೆಳೆದು ಬಂದ, ಬೆಟ್ಟಗಳ ನಡುವಿನ ಮೀಟರ್‌ಗೇಜ್. ನಿಮ್ಮ ದೂರದ ಬಂಧುಗಳೇ ಅವು.

ಪ್ಲಾಟ್‌ಫಾರ್ಮಿನ ಅಳತೆ ಎಷ್ಟು ಸೂಕ್ಷ್ಮ ಎಂಬುದನ್ನು ನಮ್ಮ ಪುಸ್ತಕವೂ ಹೇಳುತ್ತದೆ. ಹಳಿಯ ನಡುಗೆರೆಯಿಂದ ಪ್ಲಾಟ್‌ಫಾರ್ಮಿನ ಅಂಚು 1670 ಮಿಲಿಮೀಟರಿಗಿಂತ ಹತ್ತಿರ ಇರಬಾರದು, 1680ಕ್ಕಿಂತ ದೂರವೂ ಇರಬಾರದು. ಹತ್ತಿರವಾದರೆ ಡಬ್ಬಿ ಉಜ್ಜುತ್ತದೆ, ದೂರವಾದರೆ ಸಂದಿಗೆ ಕಾಲು ಬೀಳುತ್ತದೆ. ನಡುವೆ ಸಿಗುವ ಸಡಿಲ ಹತ್ತೇ ಮಿಲಿಮೀಟರ್. ಖಾನಾಪುರದ ನಿಲ್ದಾಣದಲ್ಲಿ ಕೂಸನ್ನು ಎತ್ತಿಕೊಂಡು ಇಳಿಯುವ ತಾಯಿಗೆ ಆ ಪುಸ್ತಕದ ಹೆಸರು ಗೊತ್ತಿರಬೇಕಾಗಿಲ್ಲ. ಆಕೆಯ ಕಾಲಿನ ಕ್ಷೇಮ ಮಾತ್ರ ಆ ಅಂಕಿಯಲ್ಲೇ ಇದೆ.

ಸುರಂಗಗಳೇ, ನಿಮ್ಮ ದಾರಿ ನಮಗೆ ಪ್ರಾಣದ ಪ್ರಶ್ನೆಯಾದ ದಿನವೂ ಇತ್ತು. 2021ರ ಜುಲೈನಲ್ಲಿ ಚಿಪಳೂಣದ ಪ್ರವಾಹದಿಂದ ಕೊಂಕಣ ರೈಲ್ವೆ ನಿಂತಿತು. ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಗಾಡಿಯನ್ನು ಮಡಗಾಂವ, ಕುಳೆಂ, ಲೋಂಡಾ, ಮಿರಜ ಮಾರ್ಗಕ್ಕೆ ತಿರುಗಿಸಿದರು. 23ರಂದು ದೂಧಸಾಗರದ ಬಳಿ ಘಟ್ಟ ಕುಸಿದು ಅದು ಹಳಿ ತಪ್ಪಿತು. ಪುಣ್ಯಕ್ಕೆ ಪ್ರಯಾಣಿಕರ ಜೀವಕ್ಕೆ ಅಪಾಯವಾಗಲಿಲ್ಲ. ಅಂದು ಕುಸಿದದ್ದು ಮಣ್ಣು, ಅದರಲ್ಲಿ ನಿಮ್ಮ ಅಳತೆಯ ದೋಷವಿಲ್ಲ. ಆದರೆ ಒಂದು ಪಾಠ ಅಲ್ಲಿದೆ. ಕರಾವಳಿಯ ದಾರಿ ಮುಚ್ಚಿದಾಗ ಪಶ್ಚಿಮಕ್ಕೆ ಉಳಿಯುವ ಹತ್ತಿರದ ಬದಲಿ ದಾರಿ ನೀವು. ನಿಮ್ಮೊಳಗೆ ಹಿಡಿಸದ ಡಬ್ಬಿಗಳನ್ನು ಕರಾವಳಿಯಲ್ಲಿ ಓಡಿಸಿದರೆ ಆಪತ್ತಿನ ದಿನ ಅವು ಎತ್ತಲೂ ಹೋಗಲಾರದೆ ನಿಲ್ಲುತ್ತವೆ. ಡಬ್ಬಿಯ ಅಳತೆ ಗೊತ್ತುಮಾಡುವವರು ಅದರ ನಿತ್ಯದ ದಾರಿಯ ಜೊತೆಗೆ ಬದಲಿ ದಾರಿಯನ್ನೂ ನೋಡಬೇಕು.

ಹಾಗಾದರೆ ನಿಮ್ಮನ್ನು ಅಗಲಗೊಳಿಸಿಬಿಡೋಣ, ಪಕ್ಕದಲ್ಲಿ ದೊಡ್ಡ ಸುರಂಗ ಕೊರೆಯೋಣ ಎನ್ನುವವರಿದ್ದಾರೆ. ನಾನು ಅವರ ಪಕ್ಷದಲ್ಲಿಲ್ಲ. ತಿನೈಘಾಟದಿಂದ ಕ್ಯಾಸಲ್‌ರಾಕ್ ಮೂಲಕ ಕುಳೆಂವರೆಗೆ ಜೋಡಿ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ 9ರಂದು ರದ್ದುಮಾಡಿತು. ಅದಕ್ಕೂ ಮೊದಲು ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಈ ಯೋಜನೆ ಬೇಡವೆಂದು ವರದಿ ಕೊಟ್ಟಿತ್ತು. ಇಷ್ಟು ಕಡಿದಾದ ಘಟ್ಟದಲ್ಲಿ ಇನ್ನೊಂದು ಹಳಿ ಹಾಕಿದ ಮಾತ್ರಕ್ಕೆ ಸಿಗುವ ಲಾಭ ಕಾಡಿಗಾಗುವ ನಷ್ಟಕ್ಕೆ ಸಮನಲ್ಲ ಎಂಬುದು ಅದರ ತಿರುಳು. ನಿಮ್ಮ ತಲೆಯ ಮೇಲಿರುವ ಕಾಡು ಇತ್ತ ನಮ್ಮ ತಾಲ್ಲೂಕಿನ ಭೀಮಗಡ ಅಭಯಾರಣ್ಯದವರೆಗೂ ಹಬ್ಬಿದ ಅದೇ ಸಹ್ಯಾದ್ರಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನೀರು ಕೊಡುವ ಮಳೆ ಈ ಬೆಟ್ಟಗಳಿಗೇ ಸುರಿಯುತ್ತದೆ. ನಲವತ್ತು ಸೀಟು ಹೆಚ್ಚಾಗಲೆಂದು ಈ ಬೆಟ್ಟವನ್ನು ಮತ್ತೆ ಒಡೆಯುವುದು ಬೇಡ. ಇಲ್ಲಿ ಗಾಡಿಯೇ ದಾರಿಗೆ ಹೊಂದಿಕೊಳ್ಳಲಿ.

ಹೊಂದಿಕೊಳ್ಳುವುದು ಸಾಧ್ಯವೆಂಬುದಕ್ಕೆ ಸಾಕ್ಷಿ ನಮ್ಮ ರೈಲ್ವೆಯಲ್ಲೇ ಇದೆ. ಒಂಬತ್ತೂವರೆ ಅಡಿಯ ಎತ್ತರದ ಕಂಟೇನರುಗಳು ಬಂದಾಗ ಅವನ್ನು ಹಳೆಯ ವ್ಯಾಗನ್ ಮೇಲಿಟ್ಟರೆ ಚೌಕಟ್ಟು ಮೀರುವ ಭಯವಿತ್ತು. ಎಂಜಿನಿಯರರು ಸೇತುವೆ, ಸುರಂಗಗಳನ್ನು ಒಡೆಯಹೋಗದೆ ವ್ಯಾಗನ್ನಿನ ನೆಲವನ್ನೇ ಇಳಿಸಿದರು. ಬಿಎಲ್‌ಸಿ ಎಂಬ ಆ ವ್ಯಾಗನ್ನಿನ ನೆಲ ಹಳಿಯಿಂದ 1009 ಮಿಲಿಮೀಟರ್ ಮಾತ್ರ. ಮೇಲೆ 2896 ಮಿಲಿಮೀಟರಿನ ಕಂಟೇನರ್ ಕೂತರೂ ಒಟ್ಟು ನಾಲ್ಕು ಮೀಟರಿನೊಳಗೇ ಉಳಿಯುತ್ತದೆ. ಬೆಳಗಾವಿಯ ಫೌಂಡ್ರಿಗಳ ಮಾಲು ಹಡಗು ಹತ್ತಬೇಕಾದರೆ ಇಂಥ ಜಾಣತನವೇ ನಮಗೆ ಬೇಕಾದದ್ದು.

ಬಯಲಿನ ಮಾತು ಬೇರೆ. ನಿಮ್ಮಿಂದ ನಾವು ಕಲಿಯಬೇಕಾದ ಪಾಠ ಬಯಲಿಗೇ ಹೆಚ್ಚು ಅನ್ವಯಿಸುತ್ತದೆ. ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಮಾರ್ಗ ಮತ್ತು ನವೀಕೃತ ಬೆಳಗಾವಿ ನಿಲ್ದಾಣ 2023ರ ಫೆಬ್ರುವರಿ 27ರಂದು ಲೋಕಾರ್ಪಣೆಗೊಂಡವು. 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್, 2025ರ ಆಗಸ್ಟಿನಲ್ಲಿ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಬಂದವು. ಈ ಗಾಡಿಗಳೆಲ್ಲ ಇಂದಿನ ಚೌಕಟ್ಟಿನೊಳಗೇ ಇವೆ, ಆದ್ದರಿಂದ ಬಂದವು. ನಾಳಿನ ಗಾಡಿ ಹಾಗೆಯೇ ಇರುತ್ತದೆಂದು ಯಾರು ಹೇಳಬಲ್ಲರು? ಪಶ್ಚಿಮದ ಸರಕು ಕಾರಿಡಾರಿನಲ್ಲಿ 2021ರ ಜನವರಿಯಿಂದ ವಿದ್ಯುತ್ ತಂತಿಯಡಿಯಲ್ಲೇ ಕಂಟೇನರಿನ ಮೇಲೆ ಕಂಟೇನರ್ ಹೇರಿದ ಗಾಡಿ ಓಡುತ್ತಿದೆ. ಅಲ್ಲಿನ ತಂತಿಯನ್ನು ಏಳೂವರೆ ಮೀಟರ್ ಎತ್ತರದಲ್ಲಿ ಕಟ್ಟಿದ್ದಾರೆ, ಹರಿಯಾಣದ ಅರಾವಳಿಯಲ್ಲಿ ಒಂದು ಕಿಲೋಮೀಟರಿನಷ್ಟು ಉದ್ದದ ಸುರಂಗವನ್ನೂ ಅದೇ ಅಳತೆಗೆ ಕೊರೆದಿದ್ದಾರೆ. ನಮ್ಮ ಕಡೆ ಹಳಿಯ ಮೇಲೆ ಕಟ್ಟುವ ರಸ್ತೆ ಮೇಲ್ಸೇತುವೆಗಳಿಗೆ ಬಿಡುವ ಎತ್ತರ ಸಾಮಾನ್ಯವಾಗಿ ಆರೂವರೆ ಮೀಟರ್. ಮೇಲೆ ಹೇಳಿದ ಬಿಎಲ್‌ಸಿ ವ್ಯಾಗನ್ನಿನಲ್ಲಿ ಅಂಥ ಎರಡು ಕಂಟೇನರುಗಳನ್ನು ಒಂದರ ಮೇಲೊಂದು ಇಟ್ಟರೆ ಹಳಿಯಿಂದ ಎತ್ತರ 6.8 ಮೀಟರ್ ಆಗುತ್ತದೆ, ತಂತಿಯ ಜಾಗ ಬೇರೆ. ಅಂದರೆ ಹೀಗೆ ಕಟ್ಟಿದ ಒಂದೊಂದು ಮೇಲ್ಸೇತುವೆಯೂ ಇನ್ನು ನೂರು ವರ್ಷ ಅಂಥ ಗಾಡಿ ಈ ಊರಿಗೆ ಬರಕೂಡದೆಂದು ಬರೆದ ಆದೇಶ. ಟಿಳಕವಾಡಿಯ ಗೇಟುಗಳಲ್ಲಿ ಟ್ರಾಫಿಕ್ ನಿಂತು ಬೇಸತ್ತ ನಾವು ಮೇಲ್ಸೇತುವೆ ಬೇಗ ಮುಗಿಯಲಿ ಎಂದು ಹಾರೈಸುತ್ತೇವೆ, ಅದರಡಿ ಎಷ್ಟು ಜಾಗ ಬಿಟ್ಟರು ಎಂದು ಕೇಳುವುದಿಲ್ಲ. ಇನ್ನು ಮುಂದೆ ಕೇಳಬೇಕು.

ಧಾರವಾಡದಿಂದ ಕಿತ್ತೂರು ಮಾರ್ಗವಾಗಿ ಬೆಳಗಾವಿಗೆ 73 ಕಿಲೋಮೀಟರಿನ ನೇರ ಮಾರ್ಗ ಮಂಜೂರಾಗಿದೆ. ರೈಲ್ವೆ ರಾಜ್ಯ ಸಚಿವರಾಗಿದ್ದಾಗಲೇ 2020ರಲ್ಲಿ ತೀರಿಕೊಂಡ ಸುರೇಶ ಅಂಗಡಿಯವರು ಅದಕ್ಕಾಗಿ ದುಡಿದಿದ್ದರು. ಅಲ್ಲಿ ಇನ್ನೂ ಹಳಿ ಬಿದ್ದಿಲ್ಲ. ಬಿದ್ದಿಲ್ಲವೆಂಬುದು ದುಃಖದ ಸಂಗತಿಯೇ, ಆದರೆ ಅಳತೆಯ ವಿಷಯದಲ್ಲಿ ಅದೊಂದು ಅವಕಾಶ. ನಿಮ್ಮಂತಹ ಬೆಟ್ಟ ಅಲ್ಲಿ ಅಡ್ಡ ಇಲ್ಲ. ಎರಡು ಮೀಟರ್ ಹೆಚ್ಚು ಎತ್ತರದ ಸೇತುವೆ, ಇನ್ನೊಂದಿಷ್ಟು ದೂರದ ಕಂಬ ಇಂದು ನಕ್ಷೆಯಲ್ಲಿ ಒಂದು ಗೆರೆ. ಗಾಡಿ ಓಡತೊಡಗಿದ ಮೇಲೆ ಅದನ್ನೇ ತಿದ್ದಲು ಸೇತುವೆ ಕೆಡವಬೇಕು, ತಿಂಗಳುಗಟ್ಟಲೆ ದಾರಿ ಮುಚ್ಚಬೇಕು.

ಇಲ್ಲಿಂದ ಮುಂದಿನ ಮಾತು ನಿಮ್ಮ ಮೂಲಕ ನಿಮ್ಮನ್ನು ಆಳುವವರಿಗೆ.

ಹುಬ್ಬಳ್ಳಿಯ ರೈಲ್ವೆ ಅಧಿಕಾರಿಗಳೇ, ನಿಮ್ಮ ಅಳತೆಯ ಪುಸ್ತಕದಲ್ಲಿ ಹೊಸ ಕಾಮಗಾರಿಗಳಿಗೆ ಒಂದು ಪಟ್ಟಿ, ಈಗಾಗಲೇ ಇರುವ ಹಳೆಯ ರಚನೆಗಳಿಗೆ ವಿನಾಯಿತಿ ಕೊಡುವ ಇನ್ನೊಂದು ಪಟ್ಟಿ ಇದೆ. ಮಿರಜದಿಂದ ಕುಳೆಂವರೆಗೆ ಯಾವ ಸೇತುವೆ, ಯಾವ ಪ್ಲಾಟ್‌ಫಾರ್ಮ್, ಯಾವ ಸುರಂಗ ವಿನಾಯಿತಿಯ ಮೇಲೆ ನಿಂತಿದೆ, ಎಷ್ಟು ಮಿಲಿಮೀಟರ್ ಕೊರತೆಯಿದೆ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ. ಗಾಡಿ ಕೊಡಲಾಗದಿದ್ದರೆ ತಾಂತ್ರಿಕ ಕಾರಣವೆಂದು ಬರೆದು ಕಡತ ಮುಚ್ಚಬೇಡಿ, ಆ ಕಾರಣದ ಅಂಕಿಯನ್ನು ಕೊಡಿ. ಉದ್ಯಮಬಾಗದ ಯಾವ ಕೆಲಸಗಾರನಾದರೂ ಅದನ್ನು ಅರ್ಥಮಾಡಿಕೊಳ್ಳುತ್ತಾನೆ, ಒಪ್ಪುತ್ತಾನೆ.

ಇಬ್ಬರೂ ಸಂಸದರೇ, ಹೊಸ ಗಾಡಿ ಕೇಳುವ ಮೊದಲು ಅದು ಹಿಡಿಸುತ್ತದೆಯೇ ಎಂದು ಕೇಳಿ. ಕಿತ್ತೂರು ಮಾರ್ಗದ ಸೇತುವೆಗಳ ಎತ್ತರ ಎಷ್ಟೆಂದು ಇಂದೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಹಾನಗರ ಪಾಲಿಕೆಯವರೇ, ಮೇಲ್ಸೇತುವೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಮೇಲೆ ಓಡುವ ವಾಹನದಷ್ಟೇ ಕೆಳಗೆ ಓಡುವ ಗಾಡಿಯೂ ನಿಮ್ಮ ಊರಿನದೆಂದು ನೆನಪಿಡಿ.

ಬೆಳಗಾವಿ, ಖಾನಾಪುರದ ಬಂಧುಗಳೇ, ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಗಾಡಿಗಳ ಹೆಸರಿನ ಮೇಲೆ ಮೊದಲ ಸಾಲಾಗಿ ಇದನ್ನು ಬರೆಯಿರಿ: ಘಟ್ಟದಲ್ಲಿ ಗಾಡಿ ಬೆಟ್ಟದ ಅಳತೆಗೆ ಹೊಂದಲಿ, ಬಯಲಿನಲ್ಲಿ ದಾರಿ ನಾಳಿನ ಗಾಡಿಯ ಅಳತೆಗೆ ಸಿದ್ಧವಾಗಲಿ, ಎರಡೂ ಕಡೆ ಅಳತೆ ಜನರಿಗೆ ಗೊತ್ತಿರಲಿ.

ಇಂತಿ,
ಖಾನಾಪುರ–ಬೆಳಗಾವಿ ದಾರಿಯ ಒಬ್ಬ ಪ್ರಯಾಣಿಕ